ಎರಡು ಈಡುಗಳ ನಡುವಿನ ಹೊತ್ತು

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಒಂದೇ ಒಂದು ಕ್ಲಾಸ್, ಅಂದರೆ ಆಟದ ಪಾತ್ರದ ಒಂದು ಬಗೆಯ ಬಗ್ಗೆ ಮಾತಾಡುತ್ತೇನೆ. ಪಾತ್‌ಫೈಂಡರ್ ಆಟದ ಗನ್‌ಸ್ಲಿಂಗರ್. ಕತ್ತಿ, ಮಂತ್ರ, ಡ್ರ್ಯಾಗನ್ ಎಲ್ಲ ಇರುವ ಲೋಕದಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ನಡೆಯುವ ಪಾತ್ರ ಅದು. ಮೂರು ವರ್ಷ ನಾನು ಅದನ್ನೇ ಆಡಿದ್ದೇನೆ, ಭಾನುವಾರ ಮಧ್ಯಾಹ್ನಗಳಲ್ಲಿ, ಗೆಳೆಯನ ಮನೆಯ ಊಟದ ಮೇಜಿನ ಮೇಲೆ. ನನಗೆ ಇಷ್ಟು ಹತ್ತಿರವಾದ ಪಾತ್ರ ಇನ್ನೊಂದಿಲ್ಲ.

ಇಲ್ಲಿ ಕೂತವರಲ್ಲಿ ಕೆಲವರು ಈ ಥರದ ಆಟ ಆಡಿಯೇ ಇಲ್ಲ ಅಂದರು. ಅವರಿಗಾಗಿ ಎರಡು ಮಾತು. ಒಂದು ಮೇಜು, ಅದರ ಸುತ್ತ ನಾಲ್ಕೈದು ಜನ. ಒಬ್ಬರು ಜಿಎಂ, ಅಂದರೆ ಕಥೆ ನಡೆಸುವವರು. ಉಳಿದವರಿಗೆ ತಲೆಗೊಂದು ಪಾತ್ರ. ನನ್ನ ಪಾತ್ರ ಹೀಗೆ ಮಾಡುತ್ತದೆ ಅಂತ ಬಾಯಲ್ಲಿ ಹೇಳುವುದು ನಿಮ್ಮ ಕೆಲಸ. ಅದು ಆಯಿತಾ ಇಲ್ವಾ ಅಂತ ಹೇಳುವುದು 20 ಮುಖದ ಡೈಸ್. ಹೊಡೆದಾಟದಲ್ಲಿ ಎದುರಾಳಿಗೆ ಎಸಿ ಅಂತ ಒಂದು ಅಂಕಿ ಇರುತ್ತದೆ. ಡೈಸ್‌ಗೆ ನಿಮ್ಮ ಕೈಚಳಕದ ಅಂಕಿ ಕೂಡಿಸಿ ಅಷ್ಟು ಮುಟ್ಟಿದರೆ ಏಟು ಬಿತ್ತು. ಇಷ್ಟು ಗೊತ್ತಿದ್ದರೆ ಸಾಕು.

ಈಗ ನಮ್ಮ ಊರಿನ ಒಂದು ವಿಷಯ ಹೇಳಬೇಕು, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ನಮ್ಮದು ಮಲೆನಾಡು, ತೀರ್ಥಹಳ್ಳಿ ಕಡೆ. ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಬೆಳೆ ಕಾಯೋಕೆ ಅಂತ ಲೈಸೆನ್ಸ್ ಮಾಡಿಸಿದ್ದು. ತೋಟಾ ಕೋವಿಯಾದರೆ ನಳಿಗೆ ಮಡಚಿ ತೋಟಾ ಹಾಕಿ ಮುಚ್ಚಿದರೆ ಮುಗಿಯಿತು. ಕೇಪಿನ ಕೋವಿ ಹಾಗಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ನಾರಿನ ಉಂಡೆ ಇಟ್ಟು ಗಜದಿಂದ, ಅಂದರೆ ಉದ್ದ ಸರಳಿನಿಂದ, ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು, ಮತ್ತೆ ಗಜ, ಕೊನೆಗೆ ಕುದುರೆ, ಅಂದರೆ ಬಡಿಯುವ ಕೊಕ್ಕೆ, ಎತ್ತಿ ಕಿಡಿ ಹೊತ್ತಿಸುವ ಕೇಪು ಕೂರಿಸಬೇಕು. ಇಷ್ಟಾದರೆ ಒಂದು ಈಡು. ಢಂ ಅಂದಮೇಲೆ ಮತ್ತೆ ಮೊದಲಿಂದ. ಅಜ್ಜ ಈಡು ತುಂಬುವಾಗ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಗದ್ದೆಗೆ ಹಂದಿ ನುಗ್ಗಿದೆ ಅಂತ ಯಾರಾದರೂ ಕೂಗಿಕೊಂಡು ಓಡಿ ಬಂದರೂ ಅವರ ಕೈ ಗಡಿಬಿಡಿ ಮಾಡುತ್ತಿರಲಿಲ್ಲ. ಹೊರಗೆ ಗಲಾಟೆ, ಜಗಲಿಯ ಮೇಲೆ ಆ ಕೈಯ ನಿಧಾನ. ನಾನು ಕಂಬಕ್ಕೆ ಆತುಕೊಂಡು ಅದನ್ನೇ ನೋಡುತ್ತಿದ್ದೆ.

ಗನ್‌ಸ್ಲಿಂಗರ್ ಪುಟಗಳನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಕೈ. ಅವತ್ತಿಂದ ಇವತ್ತಿನವರೆಗೆ ನನ್ನ ಅಭಿಪ್ರಾಯ ಒಂದೇ. ಈ ಕ್ಲಾಸ್ ಆಡುವುದು ಅಂದರೆ ಎರಡು ಈಡುಗಳ ನಡುವಿನ ಹೊತ್ತನ್ನು ಆಡುವುದು. ಗುಂಡು ಹಾರುವುದು ಕಣ್ಣು ಮಿಟುಕಿಸುವಷ್ಟರ ಕೆಲಸ, ಅದನ್ನು ಡೈಸ್ ನೋಡಿಕೊಳ್ಳುತ್ತದೆ. ಗುಂಡು ಹೋದಮೇಲೆ, ನಳಿಗೆ ಖಾಲಿ ಇರುವಾಗ, ಎದುರಿನಿಂದ ಓಗರ್ ಅನ್ನುವ ದೈತ್ಯ ಓಡಿ ಬರುತ್ತಿರುವಾಗ ನೀವು ಏನು ಮಾಡುತ್ತೀರಿ? ಪಾತ್ರ ಹುಟ್ಟುವುದು ಅಲ್ಲಿ.

ಪಾತ್‌ಫೈಂಡರ್‌ನ ಮೊದಲ ಆವೃತ್ತಿಗೆ ಈ ಕ್ಲಾಸ್ ಬಂದದ್ದು 2011ರಲ್ಲಿ, ಅಲ್ಟಿಮೇಟ್ ಕಾಂಬ್ಯಾಟ್ ಅನ್ನುವ ಪುಸ್ತಕದಲ್ಲಿ. ಅದರ ನಿಯಮಗಳನ್ನು ಬರೆದವರು ಕೋವಿಯ ತೊಂದರೆಗಳನ್ನು ಮುಚ್ಚಿಡಲಿಲ್ಲ, ಅದು ನನಗೆ ತುಂಬ ಹಿಡಿಸಿತು. ಹೊಡೆದಾಟದಲ್ಲಿ ಎಲ್ಲರಿಗೂ ಒಂದೊಂದು ಸರದಿ ಬರುವ ಒಂದು ಸುತ್ತು ಅಂದರೆ 6 ಸೆಕೆಂಡು. ಪಿಸ್ತೂಲಿಗೆ ಈಡು ತುಂಬಲು ಒಂದು ಸ್ಟ್ಯಾಂಡರ್ಡ್ ಆಕ್ಷನ್ ಬೇಕು, ಅಂದರೆ ಆ ಸುತ್ತಿನಲ್ಲಿ ನೀವು ಹೊಡೆಯಬಹುದಾಗಿದ್ದ ಏಟು ಹೋಯಿತು. ಉದ್ದ ನಳಿಗೆಯ ಮಸ್ಕೆಟ್‌ಗಾದರೆ ಇಡೀ ಸುತ್ತೇ ಬೇಕು. ರ‍್ಯಾಪಿಡ್ ರೀಲೋಡ್ ಅನ್ನುವ ಫೀಟ್, ಅಂದರೆ ಪಾತ್ರ ಕಲಿಯುವ ವಿಶೇಷ ಕೌಶಲ, ತಗೊಂಡರೆ ಒಂದು ಹಂತ ಬೇಗ ಆಗುತ್ತದೆ. ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿಟ್ಟ ಕಾರ್ಟ್ರಿಜ್ ಬಳಸಿದರೆ ಇನ್ನೊಂದು ಹಂತ ಬೇಗ. ನಿಜ ಹೇಳಬೇಕೆಂದರೆ ಇಲ್ಲಿ ಆಟವೇ ಉದಾರಿ. ಚೆನ್ನಾಗಿ ಪಳಗಿದ ಸಿಪಾಯಿ, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಫ್ಲಿಂಟ್‌ಲಾಕ್ ಮಸ್ಕೆಟ್‌ನಲ್ಲಿ ನಿಮಿಷಕ್ಕೆ ಮೂರು ಗುಂಡು ಹೊಡೆದರೆ ದೊಡ್ಡದು. ಆಟದ ಲೆಕ್ಕದಲ್ಲಿ ಒಂದು ಗುಂಡಿಗೆ ಮೂರು ಸುತ್ತಿಗಿಂತ ಜಾಸ್ತಿ ಆಯಿತು ಅದು.

ಖರ್ಚು ಬೇರೆ. ಅಂಗಡಿ ಬೆಲೆಯಲ್ಲಿ ಒಂದು ಗುಂಡಿಗೆ 1 ಚಿನ್ನದ ನಾಣ್ಯ, ಒಂದು ಈಡಿನ ಮದ್ದಿಗೆ 10. ಅದೇ 1 ನಾಣ್ಯಕ್ಕೆ ಬಿಲ್ಲುಗಾರನಿಗೆ 20 ಬಾಣ ಸಿಗುತ್ತದೆ. ಅಂದರೆ ನೀವು ಒಂದು ಸಲ ಢಂ ಅನ್ನಿಸುವ ದುಡ್ಡಿಗೆ ಪಕ್ಕದಲ್ಲಿರುವವರು 220 ಬಾಣ ಕೊಳ್ಳಬಹುದು. ಗನ್‌ಸ್ಲಿಂಗರ್‌ಗೆ ಗನ್‌ಸ್ಮಿತಿಂಗ್, ಅಂದರೆ ಕೋವಿ ಮಾಡುವ ಕೆಲಸ, ಬರುವುದರಿಂದ ಮದ್ದುಗುಂಡನ್ನು ತಾವೇ ತಯಾರಿಸಿಕೊಂಡರೆ ಹತ್ತನೇ ಒಂದು ಪಾಲು ಖರ್ಚಿನಲ್ಲಿ ಆಗುತ್ತದೆ. ಹಾಗಾಗಿ ರಾತ್ರಿ ಎಲ್ಲರೂ ಬೆಂಕಿಯ ಸುತ್ತ ಹರಟುವಾಗ ನನ್ನ ಪಾತ್ರ ಸೀಸ ಕರಗಿಸುತ್ತಾ ಕೂರುತ್ತಿತ್ತು. ಇದನ್ನು ಲೆಕ್ಕದ ಕಾಟ ಅಂತ ಬಿಟ್ಟುಬಿಡುವ ಮೇಜುಗಳಿವೆ. ದಯವಿಟ್ಟು ಬಿಡಬೇಡಿ. ಆ ಬೆಂಕಿಯ ಪಕ್ಕದಲ್ಲಿ ಕೂತೇ ನಮ್ಮ ಪಾರ್ಟಿಯ, ಅಂದರೆ ಜೊತೆಯಾಗಿ ಸಾಗುವ ಪಾತ್ರಗಳ ಗುಂಪಿನ, ಒಳ್ಳೊಳ್ಳೆ ಮಾತುಕತೆ ನಡೆದದ್ದು.

ಶುರುವಿನಲ್ಲೇ ಈ ಕ್ಲಾಸ್‌ಗೆ ಒಂದು ಕೋವಿ ಪುಕ್ಕಟೆ ಸಿಗುತ್ತದೆ. ಹೊಸದಲ್ಲ, ಹಳೆಯದು, ಜಜ್ಜಿಹೋದದ್ದು. ನಿಯಮ ಏನು ಹೇಳುತ್ತದೆ ಗೊತ್ತಾ? ಅದನ್ನು ಸರಿಯಾಗಿ ಬಳಸಲು ಬರುವುದು ಆ ಗನ್‌ಸ್ಲಿಂಗರ್‌ಗೆ ಮಾತ್ರ. ಬೇರೆ ಯಾರು ಕೈಗೆ ತಗೊಂಡರೂ ಅದು ಕೆಟ್ಟುಹೋದ ಕೋವಿಯಂತೆ ವರ್ತಿಸುತ್ತದೆ. ಮಾರಿದರೆ ಗುಜರಿ ಬೆಲೆ. ಅಂಗಡಿಯಲ್ಲಿ ಹೊಸ ಪಿಸ್ತೂಲಿಗೆ 1,000 ನಾಣ್ಯ ಇರುವಾಗ ಮೊದಲನೇ ಲೆವೆಲ್‌ನವರು ಅದನ್ನು ಮಾರಿ ಶ್ರೀಮಂತರಾಗಬಾರದು ಅಂತ ಈ ನಿಯಮ, ಅದು ಸರಿ. ಆದರೆ ಇದರೊಳಗೆ ಒಂದು ಇಡೀ ಜೀವನ ಇದೆ ಅಲ್ವಾ? ಯಾರ ಕೋವಿ ಅದು? ಎಲ್ಲಿ ಬಿದ್ದು ಜಜ್ಜಿಹೋಯಿತು? ನನ್ನ ಪಾತ್ರದ ಹೆಸರು ಇಸ್ಕಾ. ಅವಳ ಕೋವಿ ಅವಳ ಅಪ್ಪ ಮಾಡಿದ್ದು, ಅವನ ಕೈ ನಡುಗಲು ಶುರುವಾದಮೇಲೆ ಮಾಡಿದ ಕೊನೆಯ ಪಿಸ್ತೂಲು. ಅದಕ್ಕೇ ಅದರ ಕುದುರೆ ಸ್ವಲ್ಪ ಎಡಕ್ಕೆ ವಾಲಿತ್ತು. ಅವಳ ಹೆಬ್ಬೆರಳಿಗೆ ಮಾತ್ರ ಆ ವಾಲು ಗೊತ್ತಿತ್ತು.

ಇಷ್ಟು ಕಷ್ಟಪಟ್ಟು ಕೋವಿ ಯಾಕೆ ಹಿಡಿಯಬೇಕು ಅಂದರೆ ಅದರ ಉತ್ತರ ಟಚ್ ಎಸಿ, ಅಂದರೆ ಕವಚ, ದಪ್ಪ ಚರ್ಮ ಬಿಟ್ಟು ಉಳಿಯುವ ಎಸಿ. ಮೊದಲ ಆವೃತ್ತಿಯಲ್ಲಿ ಹತ್ತಿರದ ಗುರಿಗೆ, ಪಿಸ್ತೂಲಿಗಾದರೆ 20 ಅಡಿ, ಮಸ್ಕೆಟ್‌ಗಾದರೆ 40 ಅಡಿಯೊಳಗೆ, ಗುಂಡು ಕವಚವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ದೊಡ್ಡ ಡ್ರ್ಯಾಗನ್ ಒಂದರ ಎಸಿ 30ರ ಆಸುಪಾಸು ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಅದರ ದಪ್ಪ ಚರ್ಮದ್ದು. ಚರ್ಮ ಬಿಟ್ಟು ನೋಡಿದರೆ 10ಕ್ಕಿಂತ ಕೆಳಗೆ, ಯಾಕೆಂದರೆ ಅಷ್ಟು ದೊಡ್ಡ ಮೈ ತಪ್ಪಿಸಿಕೊಳ್ಳುವುದು ಕಷ್ಟ. ಕತ್ತಿಯವರು ಬೆವರು ಸುರಿಸುವಲ್ಲಿ ನೀವು ಸಲೀಸಾಗಿ ಹೊಡೆಯುತ್ತೀರಿ. ಆದರೆ ಆ 20 ಅಡಿ ಮರೆಯಬೇಡಿ. ಡ್ರ್ಯಾಗನ್‌ನಿಂದ 20 ಅಡಿ ಅಂದರೆ ಅದರ ಬಾಯಿಯ ಹತ್ತಿರವೇ ನಿಂತಂತೆ.

ಇಲ್ಲಿ ಪಕ್ಕದವರ ಬಗ್ಗೆ ಒಂದು ಮಾತು. ನಮ್ಮ ಮೇಜಿನಲ್ಲಿ ಫೈಟರ್, ಅಂದರೆ ಕತ್ತಿ ಗುರಾಣಿಯ ಯೋಧೆಯ ಪಾತ್ರ, ಆಡುತ್ತಿದ್ದ ಗೆಳತಿ ಒಂದು ದಿನ ಆಟ ಮುಗಿದಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು, "ನಾನು ಸುಮ್ನೆ ನಿಂತಿರ್ತೀನಿ ಅನ್ಸತ್ತೆ ಕಣೋ." ಅದು ನನ್ನ ಮನಸ್ಸಿಗೆ ನಾಟಿತು. ಮುಂದಿನ ವಾರದಿಂದ ನಾನು ಈಡು ತುಂಬುವ ಹೊತ್ತನ್ನು ಅವಳ ಕೈಗೆ ಕೊಟ್ಟೆ. ಇಸ್ಕಾ ಮದ್ದು ಸುರಿಯುವಾಗ ಫೈಟರ್‌ನ ಹಿಂದೆ ನಿಲ್ಲುತ್ತಾಳೆ, ಅವಳ ಗುರಾಣಿಗೆ ಬೆನ್ನು ಕೊಟ್ಟು. "ಎಷ್ಟು ಹೊತ್ತು?" ಅಂತ ಅವಳು ಕೇಳುತ್ತಿದ್ದಳು. "ಒಂದು ಸುತ್ತು" ಅಂತ ನಾನು. ಆ ಒಂದು ಸುತ್ತು ತಡೆದು ನಿಲ್ಲುವುದು ಅವಳ ಆಟವಾಯಿತು. ಗನ್‌ಸ್ಲಿಂಗರ್ ಆಡುವವರು ಇದನ್ನು ತಾವಾಗಿಯೇ ಮಾಡಬೇಕು, ಜಿಎಂ ಹೇಳಲಿ ಅಂತ ಕಾಯಬಾರದು.

ಇನ್ನು ಮಿಸ್‌ಫೈರ್. ಪಿಸ್ತೂಲು ಹಾರಿಸುವಾಗ ಡೈಸ್‌ನಲ್ಲಿ 1 ಬಿದ್ದರೆ, ಮಸ್ಕೆಟ್‌ಗೆ 1 ಅಥವಾ 2 ಬಿದ್ದರೆ, ಗುಂಡು ಹುಸಿಯಾಯಿತು, ಕೋವಿ ಕೆಟ್ಟಿತು. ಕೆಟ್ಟ ಕೋವಿಯನ್ನೂ ಹಾರಿಸಬಹುದು. ಆದರೆ ಆಗ ಮಿಸ್‌ಫೈರ್ ಅಂಕಿಗೆ 4 ಸೇರುತ್ತದೆ, ಪಿಸ್ತೂಲಿಗೆ 1ರಿಂದ 5ರವರೆಗೆ ಏನು ಬಿದ್ದರೂ ಅಪಾಯ. ಹಾಗೆ ಎರಡನೇ ಸಲ ಮಿಸ್‌ಫೈರ್ ಆದರೆ ಕೋವಿ ಕೈಯಲ್ಲೇ ಸಿಡಿಯುತ್ತದೆ, ಪಕ್ಕದಲ್ಲಿ ನಿಂತವರಿಗೂ ಏಟು.

ಇದರ ಜೊತೆ ಗ್ರಿಟ್ ಅನ್ನುವುದನ್ನೂ ಹೇಳಬೇಕು. ಕನ್ನಡದಲ್ಲಿ ಕೆಚ್ಚು ಅನ್ನಬಹುದು. ದಿನಕ್ಕೆ ಇಷ್ಟು ಅಂತ ಇರುತ್ತದೆ, ನಿಮ್ಮ ಪಾತ್ರದ ವಿಸ್ಡಂ, ಅಂದರೆ ವಿವೇಕದ ಅಂಕಿ, ಎಷ್ಟೋ ಅದರ ಮೇಲೆ. ಅದನ್ನು ಖರ್ಚು ಮಾಡಿ ದೂರದಿಂದ ಬರುವ ಏಟಿನಿಂದ ಐದಡಿ ಪಕ್ಕಕ್ಕೆ ಹಾರಬಹುದು, ದೂರದ ಗುರಿಯ ಕವಚ ದಾಟಿ ಹೊಡೆಯಬಹುದು. ಒಂದಾದರೂ ಗ್ರಿಟ್ ಉಳಿದಿದ್ದರೆ ಕೆಟ್ಟ ಕೋವಿಯನ್ನು ಅಲ್ಲೇ ನಿಂತು ಸರಿಮಾಡಬಹುದು. ಖಾಲಿಯಾದರೆ ಅದೂ ಇಲ್ಲ. ವಾಪಸ್ ಬರುವುದು ಎರಡು ದಾರಿಯಲ್ಲಿ. ಕೋವಿಯಿಂದ ಕ್ರಿಟಿಕಲ್ ಏಟು, ಅಂದರೆ ಮಾಮೂಲಿಗಿಂತ ಜೋರಾದ ಅಪರೂಪದ ಏಟು, ಬಿದ್ದರೆ, ಇಲ್ಲವೇ ಕೋವಿಯಿಂದಲೇ ಶತ್ರು ಸತ್ತರೆ. ಎಚ್ಚರ ತಪ್ಪಿ ಬಿದ್ದವರನ್ನು ಕೊಂದರೆ ಬರುವುದಿಲ್ಲ, ತೀರ ಬಡಪಾಯಿಗಳನ್ನು ಹೊಡೆದರೂ ಬರುವುದಿಲ್ಲ. ಈ ನಿಯಮ ಬರೆದವರ ಮೇಲೆ ನನಗೆ ಗೌರವ.

ನಾಲ್ಕನೇ ಲೆವೆಲ್‌ನಲ್ಲಿ ಒಂದು ಸಂಜೆ ಇವೆಲ್ಲ ಒಟ್ಟಿಗೆ ಬಂದವು. ಕಲ್ಲಿನ ಸೇತುವೆ, ಎದುರಿಗೆ ಓಗರ್. ಇಸ್ಕಾಗೆ ಇದ್ದದ್ದು ಎರಡೇ ಗ್ರಿಟ್, ಎರಡೂ ತಪ್ಪಿಸಿಕೊಳ್ಳುವುದಕ್ಕೇ ಹೋಗಿತ್ತು. ಪಿಸ್ತೂಲು ಮಿಸ್‌ಫೈರ್ ಆಗಿ ಕೆಟ್ಟಿತ್ತು, ಗ್ರಿಟ್ ಇಲ್ಲದ್ದರಿಂದ ಸರಿಮಾಡುವಂತಿಲ್ಲ. ನಮ್ಮ ಕ್ಲೆರಿಕ್, ಅಂದರೆ ಪುರೋಹಿತನ ಪಾತ್ರ, ಪಕ್ಕದಲ್ಲೇ ನಿಂತಿದ್ದ, ಅವನ ಪ್ರಾಣ ಅರ್ಧಕ್ಕಿಂತ ಕೆಳಗಿತ್ತು. ಓಗರ್‌ಗೂ ಇನ್ನೊಂದು ಏಟು ಸಾಕು ಅಂತ ಕಾಣುತ್ತಿತ್ತು. ಹೊಡೆದು ಕೊಂದರೆ ಒಂದು ಗ್ರಿಟ್ ವಾಪಸ್, ಕೋವಿ ಸರಿ, ಎಲ್ಲ ಸರಿ. ಆದರೆ ನಾಲ್ಕರಲ್ಲಿ ಒಂದು ಸಲ ಕೋವಿ ಸಿಡಿಯುತ್ತದೆ. ನಾನು ಕ್ಲೆರಿಕ್ ಆಡುತ್ತಿದ್ದ ಗೆಳೆಯನ ಮುಖ ನೋಡಿದೆ. ಅವನು "ಹೊಡಿ" ಅಂದ.

ಡೈಸ್‌ನಲ್ಲಿ ಬಿದ್ದದ್ದು 3.

ಅಪ್ಪನ ಕೋವಿ ಹೋಯಿತು. ಇಬ್ಬರಿಗೂ ಏಟು ಬಿತ್ತು, ಕ್ಲೆರಿಕ್ ಸಾಯಲಿಲ್ಲ, ಓಗರ್ ಅನ್ನು ಫೈಟರ್ ಮುಗಿಸಿದಳು. ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಜಿಎಂ ಕೇಳಿದ್ದು ಇಷ್ಟೇ, "ಇಸ್ಕಾ ಏನು ಮಾಡ್ತಾಳೆ?" ಸೇತುವೆಯ ಮೇಲೆ ಮಂಡಿಯೂರಿ ಚೂರು ಹುಡುಕುತ್ತಾಳೆ ಅಂದೆ. ಎಡಕ್ಕೆ ವಾಲಿದ ಆ ಕುದುರೆ ಸಿಕ್ಕಿತು ಅಂತ ಜಿಎಂ ಹೇಳಿದ. ಅಲ್ಲಿಂದ ನಾಲ್ಕು ವಾರ ನಾನು ಅಡ್ಡಬಿಲ್ಲು ಹಿಡಿದು ಆಡಿದೆ. ಗನ್‌ಸ್ಲಿಂಗರ್ ಹತ್ತಿರ ಗನ್ ಇಲ್ಲ. ಆ ನಾಲ್ಕು ವಾರದಲ್ಲಿ ಅವಳು ಯಾರು ಅಂತ ನನಗೆ ನಿಜವಾಗಿ ಗೊತ್ತಾಯಿತು. ಕೆಲಸವಿಲ್ಲದ ಕೈ ಅವಳದು, ಊಟಕ್ಕೆ ಕೂತಾಗಲೂ ಜೇಬಿನ ಆ ಕಬ್ಬಿಣದ ಚೂರನ್ನು ಮುಟ್ಟಿ ನೋಡುತ್ತಿದ್ದಳು. ಗನ್‌ಸ್ಮಿತಿಂಗ್ ಗೊತ್ತಿದ್ದವರಿಗೆ ಅರ್ಧ ಬೆಲೆಯ ಸಾಮಾನು ಇದ್ದರೆ ಒಂದೇ ದಿನದಲ್ಲಿ ಪಿಸ್ತೂಲು ಮಾಡಲು ಬರುತ್ತದೆ. 500 ನಾಣ್ಯ ಬೇಕಿತ್ತು. ಪಾರ್ಟಿಯಲ್ಲಿ ಮೊದಲು ಚೀಲ ಬಿಚ್ಚಿದ್ದು ಕ್ಲೆರಿಕ್, ಆ ಕೋವಿಯಿಂದಲೇ ಏಟು ತಿಂದವನು. ಹೊಸ ಪಿಸ್ತೂಲಿಗೆ ಹಳೆಯ ಕುದುರೆಯನ್ನೇ ಕೂರಿಸಿದೆವು.

ಮಿಸ್‌ಫೈರ್ ನಿಯಮ ತೆಗೆದುಬಿಡಿ, ಆಟಕ್ಕೆ ಅಡ್ಡಿ ಅಂತ ಹೇಳುವವರು ತುಂಬ ಜನ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ, ಲೆವೆಲ್ ಏರಿದ ಹಾಗೆ ಒಂದು ಸುತ್ತಿನಲ್ಲಿ ಜಾಸ್ತಿ ಸಲ ಹಾರಿಸುತ್ತೀರಿ, ಹಾಗಾಗಿ ಪಳಗಿದವರ ಕೋವಿ ಹೊಸಬರದ್ದಕ್ಕಿಂತ ಜಾಸ್ತಿ ಸಲ ಕೆಡುತ್ತದೆ, ಅದು ವಿಚಿತ್ರ. ಆದರೂ ನಾನು ತೆಗೆಯುವುದಿಲ್ಲ. ಆ ಸೇತುವೆ ನನಗೆ ಬೇಕು.

ಇನ್ನೊಂದು ಆಕ್ಷೇಪಣೆ ಪ್ರತಿ ಸಲ ಬರುತ್ತದೆ. ಕತ್ತಿ, ಕವಚದ ಲೋಕದಲ್ಲಿ ಕೋವಿ ಯಾಕೆ, ಕಾಲ ಹೊಂದುವುದಿಲ್ಲ ಅಂತ. ಇಂಗ್ಲೆಂಡಿನ 1326ರ ಒಂದು ಹಸ್ತಪ್ರತಿಯಲ್ಲಿ ಸಣ್ಣ ಫಿರಂಗಿಯ ಚಿತ್ರ ಇದೆ. ತಲೆಯಿಂದ ಕಾಲಿನವರೆಗೆ ಮುಚ್ಚುವ ಉಕ್ಕಿನ ಕವಚ ಯುರೋಪಿನಲ್ಲಿ ಪೂರ್ತಿ ರೂಪಕ್ಕೆ ಬಂದದ್ದು ಅದಾದ ನಂತರದ ಶತಮಾನದಲ್ಲಿ. ಕೋವಿಯೇ ಮೊದಲು, ನಾವು ಹಳೆಯದು ಅಂದುಕೊಂಡ ಆ ಹೊಳೆಯುವ ಕವಚ ಆಮೇಲೆ. ನಮ್ಮ ರಾಯಚೂರನ್ನೇ ನೋಡಿ. 1520ರಲ್ಲಿ ಕೃಷ್ಣದೇವರಾಯನ ಸೇನೆ ಆ ಕೋಟೆಗೆ ಮುತ್ತಿಗೆ ಹಾಕಿದಾಗ ಆನೆ, ಕುದುರೆ, ಬಿಲ್ಲು, ಕತ್ತಿ ಎಲ್ಲ ಇತ್ತು, ಜೊತೆಗೆ ಕ್ರಿಸ್ಟೊವಾವ್ ದೆ ಫಿಗೆರೆದೊ ಅನ್ನುವ ಪೋರ್ಚುಗೀಸನೂ ಅವನ ಸುಮಾರು 20 ಜನ ಬಂದೂಕಿನವರೂ ಇದ್ದರು. ಕೋಟೆಗೋಡೆಯ ಮೇಲೆ ತಲೆ ಎತ್ತಿದವರಿಗೆ ಅವರು ಗುಂಡು ಹೊಡೆಯುತ್ತಿದ್ದರೆ ಕೆಳಗಿನವರು ಗೋಡೆಯ ಕಲ್ಲು ಕೀಳುತ್ತಿದ್ದರು. ಇದಕ್ಕಿಂತ ಚೆಂದದ ಪಾರ್ಟಿ ಯಾವ ಜಿಎಂ ಕಟ್ಟಿಕೊಡುತ್ತಾನೆ?

ಪಾತ್‌ಫೈಂಡರ್‌ನ ಲೋಕ ಗೊಲಾರಿಯನ್. ಅಲ್ಲಿ ಕೋವಿ ಎಲ್ಲ ಕಡೆ ಸಿಗುವುದಿಲ್ಲ, ಅದರ ತವರು ಆಲ್ಕೆನ್‌ಸ್ಟಾರ್. ಯಾಕೆ ಅಲ್ಲೇ ಅನ್ನುವುದಕ್ಕೆ ಒಳ್ಳೆಯ ಕಾರಣ ಇದೆ. ಗೆಬ್ ಮತ್ತು ನೆಕ್ಸ್ ಅನ್ನುವ ಇಬ್ಬರು ಮಹಾ ಮಂತ್ರವಾದಿಗಳು ಬಹಳ ಕಾಲ ಯುದ್ಧ ಮಾಡಿ ನಡುವಿನ ನೆಲವನ್ನು ಹಾಳುಮಾಡಿದರು. ಆ ನೆಲದಲ್ಲಿ ಮಂತ್ರ ಒಂದೋ ನಡೆಯುವುದೇ ಇಲ್ಲ, ಇಲ್ಲ ಹೇಗೆಂದರೆ ಹಾಗೆ ಆಡುತ್ತದೆ. ಅಲ್ಲಿ ಬದುಕುವ ಜನ ಮಂತ್ರ ನಂಬಿ ಕೂರುವಂತಿಲ್ಲ, ಹಾಗಾಗಿ ಕಬ್ಬಿಣ ಮತ್ತು ಮದ್ದು ನಂಬಿದರು. ಬೇರೆ ಊರಿನಲ್ಲಿ ಒಬ್ಬ ಮಂತ್ರವಾದಿ ಬೆರಳು ಆಡಿಸಿ ಬೆಂಕಿಯ ಉಂಡೆ ಎಸೆಯಬಲ್ಲನಾದರೆ ಕೋವಿ ಕಂಡುಹಿಡಿಯುವ ಕಷ್ಟ ಯಾರಿಗೆ ಬೇಕು? ನಿಮ್ಮದೇ ಲೋಕ ಕಟ್ಟುವ ಜಿಎಂಗಳು ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಿ. ಕೋವಿ ಎಲ್ಲಿಂದ ಬಂತು, ಯಾರಿಗೆ ಯಾವ ಕೊರತೆ ಇತ್ತು ಅಂತ.

ಎರಡನೇ ಆವೃತ್ತಿಯ ಗನ್‌ಸ್ಲಿಂಗರ್ 2021ರಲ್ಲಿ ಗನ್ಸ್ ಅಂಡ್ ಗಿಯರ್ಸ್ ಪುಸ್ತಕದಲ್ಲಿ ಬಂತು. ಅಲ್ಲಿ ಟಚ್ ಎಸಿ ಇಲ್ಲ. ಫ್ಲಿಂಟ್‌ಲಾಕ್ ಪಿಸ್ತೂಲಿನ ಸಾಮಾನ್ಯ ಏಟು ಬರೀ ನಾಲ್ಕು ಮುಖದ ಒಂದು ಡೈಸ್. ಆದರೆ ಕ್ರಿಟಿಕಲ್ ಆದರೆ ಅದು ಎಂಟು ಮುಖದ್ದಾಗುತ್ತದೆ, ಎರಡರಷ್ಟಾಗುತ್ತದೆ, ಮೇಲೆ ಇನ್ನೊಂದು ಎಂಟರ ಡೈಸ್ ಬರುತ್ತದೆ. ಕೋವಿಯನ್ನು ದಿನಾ ಶುಚಿ ಮಾಡಿದರೆ ಮಿಸ್‌ಫೈರ್ ಭಯವೂ ಕಡಿಮೆ. ಸೇತುವೆಯ ಆ ರಾತ್ರಿ ಇಲ್ಲಿ ಅಷ್ಟು ಸುಲಭಕ್ಕೆ ಆಗುವುದಿಲ್ಲ, ಅದು ನನಗೆ ಕೊರತೆಯೇ. ಆದರೆ ಇಲ್ಲಿ ಒಂದು ಅದ್ಭುತ ಕೆಲಸ ಮಾಡಿದ್ದಾರೆ. ಈಡು ತುಂಬುವುದನ್ನೇ ಪಾತ್ರದ ಗುರುತು ಮಾಡಿಬಿಟ್ಟಿದ್ದಾರೆ. ಇಲ್ಲಿ ಗನ್‌ಸ್ಲಿಂಗರ್ ಒಂದು ದಾರಿ ಆರಿಸಿಕೊಳ್ಳಬೇಕು. ಪಿಸ್ಟೊಲೆರೊ ದಾರಿಯವನು ಈಡು ತುಂಬುತ್ತಾ ಮಾತಾಡುತ್ತಾನೆ, ಎದುರಾಳಿಯನ್ನು ಹೆದರಿಸುತ್ತಾನೆ ಇಲ್ಲ ಗಮನ ತಪ್ಪಿಸುತ್ತಾನೆ. ಡ್ರಿಫ್ಟರ್ ಇನ್ನೊಂದು ಕೈಯ ಕತ್ತಿಯಿಂದ ಹೊಡೆದು ಆ ಓಘದಲ್ಲೇ ತುಂಬುತ್ತಾನೆ. ಸ್ನೈಪರ್ ಮರೆಗೆ ಸರಿದು ತುಂಬುತ್ತಾನೆ. ವ್ಯಾನ್‌ಗಾರ್ಡ್ ಎದುರಿನವರನ್ನು ಕೋವಿಯಿಂದಲೇ ತಳ್ಳಿ ಜಾಗ ಮಾಡಿಕೊಂಡು ತುಂಬುತ್ತಾನೆ. ನಾಲ್ಕು ಜನರ ಗುಂಡು ಒಂದೇ, ನಡುವಿನ ಹೊತ್ತು ಬೇರೆ ಬೇರೆ. ಅಜ್ಜ ಯಾವ ದಾರಿಯವರು ಅಂತ ನಾನು ಯೋಚಿಸಿದ್ದೇನೆ. ಈ ನಾಲ್ಕರಲ್ಲಿ ಇಲ್ಲ. ಅವರು ಸುಮ್ಮನೆ ತುಂಬುತ್ತಿದ್ದರು.

ಇದೇ ಥರದ ಇನ್ನೊಂದು ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಿಗೆ ಚಿಕ್ಕದಾಗಿ ಹೇಳುತ್ತೇನೆ. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಪಿಸ್ತೂಲು, ಮಸ್ಕೆಟ್ ಎರಡೂ ಮಾಮೂಲಿ ಆಯುಧಗಳ ಪಟ್ಟಿಯಲ್ಲೇ ಇವೆ, 250 ಮತ್ತು 500 ನಾಣ್ಯಕ್ಕೆ. ಮಿಸ್‌ಫೈರ್ ಇಲ್ಲ. ಅದು ಬೇಕೆನ್ನುವವರು ಹೆಸರಾಂತ ಜಿಎಂ ಮ್ಯಾಥ್ಯೂ ಮರ್ಸರ್ ಫೈಟರ್‌ಗಾಗಿ ಬರೆದ ಗನ್‌ಸ್ಲಿಂಗರ್ ನೋಡಿ, ಅದರಲ್ಲಿ ಗ್ರಿಟ್ ಕೂಡ ಇದೆ.

ಮಾತು ಮುಗಿದಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬ ತಾಯಿ ಕೇಳಿದರು, "ನನ್ನ ಮಗನಿಗೆ 12 ವರ್ಷ, ಅವನಿಗೆ ಈ ಪಾತ್ರ ಕೊಡಬಹುದಾ?" ಕೊಡಬಹುದು, ಆದರೆ ಮೇಜಿನಲ್ಲಿ ಕೂರುವ ಎಲ್ಲರನ್ನೂ ಮೊದಲೇ ಕೇಳಿ. ಕೋವಿ ಅಂದರೆ ಕೆಲವರಿಗೆ ನಿಜ ಜೀವನದ ನೋವು ನೆನಪಾಗುತ್ತದೆ, ಕತ್ತಿಗೆ ಆ ತೊಂದರೆ ಕಡಿಮೆ. ಅವನಿಗೆ ಈಡು ತುಂಬುವ ಕೆಲಸವನ್ನು ಬಾಯಿಬಿಟ್ಟು ಹೇಳಿಸಿ. ಮದ್ದು, ಗುಂಡು, ಗಜ ಅಂತ ಒಂದೊಂದಾಗಿ. ಮೂರನೇ ಲೆವೆಲ್‌ನಲ್ಲಿ ಮೊದಲ ಆವೃತ್ತಿಯ ಗನ್‌ಸ್ಲಿಂಗರ್‌ಗೆ ಒಂದು ವಿದ್ಯೆ ಬರುತ್ತದೆ. ಕೋವಿ ಹಾರಿಸಿ, ಬಿಸಿಯಾದ ನಳಿಗೆಯನ್ನು ಗೆಳೆಯನ ಗಾಯಕ್ಕೆ ಒತ್ತಿ ರಕ್ತ ನಿಲ್ಲಿಸುವುದು. ಅದನ್ನು ಅವನಿಗೆ ಮೊದಲು ತೋರಿಸಿ.

ಇನ್ನೊಬ್ಬರದು, "ಇವತ್ತೇ ಶುರುಮಾಡುವುದಾದರೆ ಯಾವುದರಿಂದ?" ಎರಡನೇ ಆವೃತ್ತಿ, ಪಿಸ್ಟೊಲೆರೊ. ನಿಯಮ ಹಗುರ, ಪುಸ್ತಕ ಸುಲಭವಾಗಿ ಸಿಗುತ್ತದೆ, ಮಾತಾಡಲು ಅವಕಾಶ ಜಾಸ್ತಿ. ಮಿಸ್‌ಫೈರ್‌ನ ರುಚಿ ಬೇಕಾದಾಗ ಮೊದಲ ಆವೃತ್ತಿಗೆ ಬನ್ನಿ. ಇಸ್ಕಾಳ ಹಳೆಯ ಕ್ಯಾರೆಕ್ಟರ್ ಶೀಟ್ ತಂದಿದ್ದೇನೆ, ಆ ಮೇಜಿನ ಮೇಲಿದೆ, ಯಾರು ಬೇಕಾದರೂ ನೋಡಬಹುದು. ಆಯುಧದ ಸಾಲಿನಲ್ಲಿ ಕಾಗದ ತೆಳ್ಳಗಾಗಿದೆ, ರಬ್ಬರಿನಿಂದ ಅಷ್ಟು ಸಲ ಅಳಿಸಿ ಬರೆದದ್ದು.